ಬಂಡೆಯನ್ನು ಭೇದಿಸುವ ದನಿ

ಗವಿಯ ಗರ್ಭದಲ್ಲಿ ಒಬ್ಬನು ಕಾಲು ಮುರಿದುಕೊಂಡು ಬಿದ್ದಿದ್ದಾನೆ. ಅವನ ಬಳಿಗೆ ತಲುಪಿದ ರಕ್ಷಕರಿಗೆ ವೈದ್ಯರ ಸಲಹೆ ಬೇಕು. ಮೇಲಿರುವವರಿಗೆ ಗಾಯಾಳುವಿನ ಸ್ಥಿತಿ ತಿಳಿಯಬೇಕು. ನಡುವೆ ಇರುವುದು ಕೆಲವು ನೂರು ಅಡಿ ದಪ್ಪದ ಸುಣ್ಣಕಲ್ಲು ಮಾತ್ರ. ಆದರೆ ಸುದ್ದಿ ಹೊತ್ತವನು ಆ ಕಲ್ಲನ್ನು ತೂರಿ ಹೋಗಲಾರ. ತೆವಳಿ, ಹಗ್ಗ ಹಿಡಿದು ಏರಿ, ಕೊರೆಯುವ ನೀರಿನಲ್ಲಿ ನಡೆದು ಹೊರಬರುವಷ್ಟರಲ್ಲಿ ಹಲವು ಗಂಟೆಗಳೇ ಕಳೆದಿರುತ್ತವೆ. ಅಷ್ಟರೊಳಗೆ ಹೊರಗೆ ಮಳೆ ಹಿಡಿದರೆ, ಪ್ರವಾಹ ಬರುತ್ತಿದೆಯೆಂದು ಒಳಗಿನವರನ್ನು ಎಚ್ಚರಿಸುವವರು ಯಾರು?

ತಂತಿ ಎಳೆದು ಟೆಲಿಫೋನ್ ಜೋಡಿಸುವುದು ಹಳೆಯ ಉಪಾಯ. ಗವಿಯ ಒಂದೊಂದು ತಿರುವಿನಲ್ಲೂ ತಂತಿಯನ್ನು ಹಾಸುತ್ತ ಹೋಗಬೇಕು. ಒಂದು ಕಲ್ಲು ಉರುಳಿದರೆ, ಒಬ್ಬನ ಬೂಟಿಗೆ ತೊಡರಿದರೆ ಮಾತು ಕಡಿಯಿತು. ರೇಡಿಯೋ ಇಲ್ಲವೇ ಎಂದು ಕೇಳಬಹುದು. ರೈಲು ಸುರಂಗವನ್ನು ಹೊಕ್ಕಾಗ ಮೊಬೈಲ್ ಫೋನು ಮೂಕವಾಗುವುದನ್ನು ಎಲ್ಲರೂ ಬಲ್ಲರು. ಅದರ ಅಲೆಗಳು ಸೆಕೆಂಡಿಗೆ ಕೋಟಿಗಟ್ಟಲೆ ಬಾರಿ ಕಂಪಿಸುತ್ತವೆ. ತೇವವುಳ್ಳ ಬಂಡೆ ಅವನ್ನು ಬಹುಬೇಗ ನುಂಗಿಬಿಡುತ್ತದೆ. ಕಂಪನ ಇಳಿದಷ್ಟೂ ಅಲೆ ಕಲ್ಲಿನೊಳಗೆ ಆಳಕ್ಕೆ ಸಾಗುತ್ತದೆ.

ಲಂಕಾಸ್ಟರ್ ವಿಶ್ವವಿದ್ಯಾಲಯದ ಬಾಬ್ ಮ್ಯಾಕಿನ್ ಅವರು ರೂಪಿಸಿದ 'ಮೋಲ್‌ಫೋನ್' ಈ ತತ್ವವನ್ನೇ ಆಧರಿಸಿದ್ದಿತು. 1980ರ ದಶಕದಲ್ಲಿ ಬ್ರಿಟನ್ನಿನ ಗವಿರಕ್ಷಣಾ ದಳಗಳು ಅದನ್ನು ಬಳಸುತ್ತಿದ್ದವು. ಅದರ ಕಂಪನ 87 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ 87 ಸಾವಿರ. ಮನೆಯ ರೇಡಿಯೋದಲ್ಲಿ ಕೇಳಿಬರುವ ಮಧ್ಯಮ ತರಂಗದ ಕೇಂದ್ರಗಳದು 500ಕ್ಕೂ ಹೆಚ್ಚು ಕಿಲೋಹರ್ಟ್ಸ್.

1996ರಲ್ಲಿ ಫ್ರಾನ್ಸಿನ ಗೂಫ್ರ್ ಬೆರ್ಜೆ ಎಂಬ, ಸಾವಿರ ಮೀಟರಿಗೂ ಮಿಕ್ಕಿ ಆಳವುಳ್ಳ ಗವಿಯಲ್ಲಿ ಪ್ರವಾಹ ನುಗ್ಗಿ ನಿಕೋಲ ಎಂಬ ಆಂಗ್ಲ ಯುವತಿ ಅಸುನೀಗಿದಳು. ಆಕೆಯ ಸ್ಮರಣಾರ್ಥವಾಗಿ ಜಾನ್ ಹೇ ಮತ್ತು ಗ್ರಹಾಂ ನೇಲರ್ ಅವರು ಫ್ರಾನ್ಸಿನ ರಕ್ಷಕರಿಗಾಗಿ ಹೊಸ ಉಪಕರಣವೊಂದನ್ನು ಸಿದ್ಧಪಡಿಸಿದರು. ಅದು ಆಕೆಯ ಹೆಸರನ್ನೇ ಹೊತ್ತಿದೆ. ಹವ್ಯಾಸಿ ರೇಡಿಯೋ ಪ್ರವೀಣರಾಗಿದ್ದ ಹೇ ಅವರು ಹಳತಾಗುತ್ತಿದ್ದ ಮೋಲ್‌ಫೋನುಗಳ ಸ್ಥಾನದಲ್ಲಿ ಬ್ರಿಟನ್ನಿನ ದಳಗಳಿಗಾಗಿ ಮತ್ತೊಂದನ್ನು ರಚಿಸಿದರು. ಅದೇ 'ಹೇಫೋನ್'. ಸ್ವಯಂಸೇವಕರು ಅದನ್ನು ತಮ್ಮ ಕೈಯಿಂದಲೇ ಜೋಡಿಸಿದರು.

87 ಕಿಲೋಹರ್ಟ್ಸಿನ ಒಂದು ಅಲೆಯ ಉದ್ದವೇ ಸುಮಾರು ಮೂರೂವರೆ ಕಿಲೋಮೀಟರು. ಅದಕ್ಕೆ ತಕ್ಕ ಏರಿಯಲ್ಲನ್ನು ಗವಿಯೊಳಗೆ ಒಯ್ಯುವುದೆಂತು? ಉತ್ತರ ಸೋಜಿಗವೆನಿಸುವಷ್ಟು ಸರಳ. ಪೆಟ್ಟಿಗೆಯ ಎರಡು ಬದಿಗೂ ತಂತಿಯನ್ನು ಚಾಚಿ, ತುದಿಗಳಲ್ಲಿ ಲೋಹದ ಗೂಟಗಳನ್ನು ಹಸಿ ನೆಲಕ್ಕೆ ನೆಟ್ಟರಾಯಿತು. ನೆಲವೇ ಏರಿಯಲ್ಲಿನ ಭಾಗವಾಗುತ್ತದೆ. ಮೇಲೆಯೂ ಅಷ್ಟೇ, ಕೆಳಗೆಯೂ ಅಷ್ಟೇ. ನೂರಾರು ಮೀಟರು ಬಂಡೆಯ ಆಚೆಯಿಂದ ಮನುಷ್ಯನ ದನಿ ಕೇಳಿಬರುತ್ತದೆ.

ಆದರೆ ಪ್ರಯೋಗಶಾಲೆಯ ಮೇಜಿನ ಮೇಲೆ ಮಾತಾಡಿದ ಯಂತ್ರವೆಲ್ಲ ಗವಿಯಲ್ಲಿ ಮಾತಾಡೀತೆಂಬ ಭರವಸೆಯಿಲ್ಲ. ಅದನ್ನು ಚೀಲಕ್ಕೆ ತುಂಬಿ ಇಕ್ಕಟ್ಟಾದ ಸಂದಿಗಳಲ್ಲಿ ದರದರನೆ ಎಳೆದೊಯ್ಯುತ್ತಾರೆ. ಚೀಲ ಬಂಡೆಗೆ ಬಡಿಯುತ್ತದೆ, ನೀರಿನಲ್ಲಿ ಅದ್ದುತ್ತದೆ. ಬಳಸುವವನಾದರೋ ಚಳಿಗೆ ಮರಗಟ್ಟಿದ, ಕೆಸರು ಮೆತ್ತಿದ ಕೈಗವಸಿನ ಕೈಯವನು, ನಿದ್ದೆಗೆಟ್ಟು ದಣಿದವನು. ಆದುದರಿಂದ ನೀರು ಸೋರದ ಗಟ್ಟಿ ಪೆಟ್ಟಿಗೆ, ಎಣಿಸಿದಷ್ಟೇ ಗುಂಡಿಗಳು, ತಪ್ಪಾಗಿ ಸಿಕ್ಕಿಸಲು ಬಾರದ ಜೋಡಣೆಗಳು, ಗಂಟೆಗಟ್ಟಲೆ ಬಾಳುವ ಬ್ಯಾಟರಿ ಇವಿಷ್ಟೂ ಬೇಕು. ಇಲ್ಲಿ ಜಾಣತನವೆಂದರೆ ಏನನ್ನು ಸೇರಿಸಬೇಕೆಂಬುದಕ್ಕಿಂತ ಏನನ್ನು ಬಿಡಬೇಕೆಂಬುದನ್ನು ಅರಿಯುವುದು.

2018ರ ಜೂನ್ 23ರಂದು ಥಾಯ್ಲೆಂಡಿನ ಥಾಮ್ ಲುಆಂಗ್ ಗವಿಯಲ್ಲಿ 12 ಬಾಲಕರು ಮತ್ತು ಅವರ ಫುಟ್‌ಬಾಲ್ ತರಬೇತುದಾರ ಸಿಕ್ಕಿಬಿದ್ದಾಗ ಬ್ರಿಟನ್ನಿನಿಂದ ಹೇಫೋನುಗಳು ಅಲ್ಲಿಗೂ ಹೋದವು. ಮಕ್ಕಳಿದ್ದ ದಿಬ್ಬ ದ್ವಾರದಿಂದ ಸುಮಾರು 4 ಕಿಲೋಮೀಟರು ಒಳಗೆ. ನಡುವಣ ದಾರಿ ಅಲ್ಲಲ್ಲಿ ಪೂರ್ತಿ ನೀರಿನಲ್ಲಿ ಮುಳುಗಿತ್ತು. ಅಲ್ಲಿಂದ ಮಕ್ಕಳು ತಾಯಿತಂದೆಗಳಿಗೆ ಬರೆದ ಓಲೆಗಳನ್ನು ಮುಳುಗುಗಾರರೇ ಹೊತ್ತು ತಂದರು. ಜುಲೈ 6ರಂದು ಆ ದಾರಿಯಲ್ಲೇ ಸಮನ್ ಕುನನ್ ಎಂಬ ಮುಳುಗುಗಾರ ಪ್ರಾಣ ಬಿಟ್ಟರು. ಜುಲೈ 10ರ ವೇಳೆಗೆ ಹದಿಮೂವರೂ ಹೊರಬಂದರು.

ಒಂದು ಮಾತನ್ನು ಒಳಗಿನಿಂದ ಹೊರಕ್ಕೆ ತರಲು ಮನುಷ್ಯನೊಬ್ಬನು ಜೀವವನ್ನೇ ಒಡ್ಡಬೇಕಾದ ಸಂದರ್ಭಗಳು ಇನ್ನೂ ತೀರಿಲ್ಲ. ಆ ಕೆಸರು ಮೆತ್ತಿದ ಪೆಟ್ಟಿಗೆ ಮಾತಾಡಿದಷ್ಟೂ ಅಂಥ ಪಯಣಗಳು ಕಡಿಮೆಯಾಗುತ್ತವೆ.