ಮುಟ್ಟು ನಿಲ್ಲುವ ವಯಸ್ಸು: ಪುಡಿ ಡಬ್ಬಿಗಿಂತ ಮೊದಲು ನಿಮ್ಮ ತಟ್ಟೆ ನೋಡಿ

ನಡುರಾತ್ರಿ ಎಚ್ಚರವಾಗಿ ಮೈಯೆಲ್ಲ ಬೆವರುತ್ತದೆ. ಮುಖ, ಕುತ್ತಿಗೆಗೆ ಇದ್ದಕ್ಕಿದ್ದಂತೆ ಬಿಸಿ ಝಳ ಏರುತ್ತದೆ. ಸಣ್ಣ ಮಾತಿಗೂ ಸಿಟ್ಟು ಬರುತ್ತದೆ, ಸಜ್ದಾದಿಂದ ಏಳುವಾಗ ಮಂಡಿ ಹಿಡಿಯುತ್ತದೆ. ನಲವತ್ತೈದರ ಆಸುಪಾಸಿನ ಸಹೋದರಿಯರಲ್ಲಿ ಅನೇಕರು ಇದನ್ನು ಯಾರಿಗೂ ಹೇಳದೆ ಸಹಿಸುತ್ತಾರೆ. ಇದು ಕಾಯಿಲೆಯಲ್ಲ. ಅಂಡಾಶಯಗಳು ಈಸ್ಟ್ರೋಜನ್ ಹಾರ್ಮೋನನ್ನು ಕಡಿಮೆ ಮಾಡುತ್ತ ಬಂದಾಗ ಆಗುವ ಬದಲಾವಣೆ. ಸತತ 12 ತಿಂಗಳು ಮುಟ್ಟು ಬಾರದಿದ್ದರೆ ಋತುಬಂಧವಾಯಿತು ಎನ್ನುತ್ತಾರೆ. ಭಾರತದ ಮಹಿಳೆಯರಲ್ಲಿ ಇದು ಸರಾಸರಿ 46-47ನೇ ವಯಸ್ಸಿಗೆ ಆಗುತ್ತದೆ, ಪಾಶ್ಚಾತ್ಯ ದೇಶಗಳಿಗಿಂತ ನಾಲ್ಕೈದು ವರ್ಷ ಮೊದಲು.

ಈ ಹೊತ್ತಿಗೆ ಸರಿಯಾಗಿ ‘ನೈಸರ್ಗಿಕ’ ಪುಡಿ, ಮಾತ್ರೆಗಳ ಜಾಹೀರಾತು ಮೊಬೈಲಿಗೆ ಬರುತ್ತದೆ. ಹಣ ಕೊಡುವ ಮೊದಲು ಇದನ್ನು ಓದಿ.

ಮೂಳೆಯ ಲೆಕ್ಕ

ಈಸ್ಟ್ರೋಜನ್ ಕಡಿಮೆಯಾದ ಮೇಲಿನ ಮೊದಲ ಕೆಲವು ವರ್ಷಗಳಲ್ಲಿ ಮೂಳೆ ಬೇಗ ಸವೆಯುತ್ತದೆ. ಆದ್ದರಿಂದ ಋತುಬಂಧವಾದ ಮಹಿಳೆಗೆ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುತ್ತದೆ. ಮಹಾಲಿಂಗಪುರ, ಮುಧೋಳ, ಜಮಖಂಡಿ ಕಡೆಯ ನಮ್ಮ ಊಟದ ಆಧಾರ ಜೋಳದ ರೊಟ್ಟಿ. ನಾರು, ಶಕ್ತಿ ಎರಡೂ ಇರುವ ಒಳ್ಳೆಯ ಧಾನ್ಯ. ಆದರೆ 100 ಗ್ರಾಂ ಜೋಳದಲ್ಲಿ ಕ್ಯಾಲ್ಸಿಯಂ 30 ಮಿಲಿಗ್ರಾಮಿನಷ್ಟೂ ಇಲ್ಲ. ಆ ಕೊರತೆಯನ್ನು ರೊಟ್ಟಿಯ ಪಕ್ಕದಲ್ಲಿರುವುದು ತುಂಬಬೇಕು.

ಒಂದು ಲೋಟ (200 ಮಿ.ಲೀ.) ಹಾಲು ಅಥವಾ ಮೊಸರಿನಲ್ಲಿ ಸುಮಾರು 240 ಮಿಲಿಗ್ರಾಂ, ಒಂದು ದೊಡ್ಡ ಚಮಚ ಸಿಪ್ಪೆಯಿರುವ ಎಳ್ಳಿನಲ್ಲಿ ಸುಮಾರು 90 ಮಿಲಿಗ್ರಾಂ ಸಿಗುತ್ತದೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಚಳಿಗಾಲಕ್ಕೆ ಮಾತ್ರ ಮೀಸಲಾಗಬೇಕಿಲ್ಲ. ವಾರದಲ್ಲಿ ಎರಡು-ಮೂರು ದಿನ ರಾಗಿ, ದಿನವೂ ಒಂದು ಸೊಪ್ಪಿನ ಪಲ್ಯ ಇರಲಿ. ಹೆಸರು, ಮಡಕಿ ಕಾಳು, ಮೊಟ್ಟೆ, ಮೀನು ಸ್ನಾಯುಗಳಿಗೆ ಬೇಕು. ಪಾಯಾ ಕುಡಿದರೆ ಮೂಳೆ ಗಟ್ಟಿಯಾಗುತ್ತದೆ ಎಂಬ ನಂಬಿಕೆಯಿದೆ. ಆದರೆ ಎಲುಬಿನಿಂದ ಸಾರಿಗೆ ಇಳಿಯುವ ಕ್ಯಾಲ್ಸಿಯಂ ಬಹಳ ಕಡಿಮೆ.

ಮನೆಯವರೆಲ್ಲ ಉಂಡ ಮೇಲೆ ಉಳಿದ ರೊಟ್ಟಿ, ಖಾರ, ಚಹಾದಲ್ಲೇ ಊಟ ಮುಗಿಸುವುದು ಎಷ್ಟೋ ತಾಯಂದಿರ ಅಭ್ಯಾಸ. ಮೊಸರಿನ ಪಾಲು ನಿಮಗೂ ತೆಗೆದಿಡಿ.

ಬಿಸಿಲು ಮತ್ತು ನಡಿಗೆ

ಕ್ಯಾಲ್ಸಿಯಂ ಮೈಗೆ ಹತ್ತಲು ವಿಟಮಿನ್ ಡಿ ಬೇಕು. ಹೊರಗೆ ಹೋಗುವಾಗ ಮೈ ಮುಚ್ಚಿಕೊಳ್ಳುವವರಿಗೂ, ಮಗ್ಗದ ಮನೆಯೊಳಗೆ ದಿನವಿಡೀ ದುಡಿಯುವವರಿಗೂ ಇದರ ಕೊರತೆ ಸಾಮಾನ್ಯ. ಪರದೆಗೆ ತೊಂದರೆಯಾಗದಂತೆ ಮನೆಯ ಮಾಳಿಗೆ ಅಥವಾ ಹಿತ್ತಲಲ್ಲಿ ಕೈ, ಕಾಲಿಗೆ ನೇರ ಬಿಸಿಲು ಬೀಳಲಿ. ಗಾಜಿನ ಕಿಟಕಿಯ ಮೂಲಕ ಬರುವ ಬಿಸಿಲು ಇದಕ್ಕೆ ಸಾಲದು. ಬೇಸಿಗೆಯ ಉರಿಬಿಸಿಲಲ್ಲಿ ಹೆಚ್ಚು ಹೊತ್ತು ನಿಲ್ಲಬೇಡಿ. ನಮಾಝ್ ಕೀಲುಗಳನ್ನು ಚಲನೆಯಲ್ಲಿಡುತ್ತದೆ. ಮೂಳೆ ಮತ್ತು ಹೃದಯಕ್ಕೆ ಇದರ ಜೊತೆ ದಿನಕ್ಕೆ ಅರ್ಧ ಗಂಟೆಯ ಚುರುಕು ನಡಿಗೆಯೂ ಬೇಕು. ತಂಬಾಕು, ಮಿಶ್ರಿ ಬಿಡಿ.

ಅಗಸಿ, ಸೋಯಾ, ಕಲೌಂಜಿ

ಅಗಸಿ ಹಿಂಡಿ ನಮ್ಮ ಭಾಗದ ಮನೆಮನೆಯ ಚಟ್ನಿ. ಅದರಲ್ಲಿ ಈಸ್ಟ್ರೋಜನ್ ಹೋಲುವ ಸಸ್ಯಾಂಶವಿದೆ ಎಂಬುದು ನಿಜ. ಆದರೆ ಅಮೆರಿಕದಲ್ಲಿ 188 ಮಹಿಳೆಯರಿಗೆ ಆರು ವಾರ ಅಗಸಿಯ ತಿನಿಸು ಅಥವಾ ಅಗಸಿಯಿಲ್ಲದ ತಿನಿಸು ಕೊಟ್ಟು ನೋಡಿದಾಗ, ಎರಡೂ ಗುಂಪಿನಲ್ಲಿ ಝಳ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿದಿತ್ತು. ಅಗಸಿಯನ್ನು ನಾರು ಮತ್ತು ಒಳ್ಳೆಯ ಕೊಬ್ಬಿಗಾಗಿ ತಿನ್ನಿ, ಝಳಕ್ಕೆ ಮದ್ದೆಂದು ನಂಬಬೇಡಿ. ಸೋಯಾದಿಂದ ಕೆಲವರಿಗೆ ಸ್ವಲ್ಪ ಹಿತವಾಗಬಹುದು, ಎಲ್ಲರಿಗೂ ಅಲ್ಲ. 2023ರಲ್ಲಿ ಉತ್ತರ ಅಮೆರಿಕದ ಮೆನೋಪಾಸ್ ಸೊಸೈಟಿ ಝಳಕ್ಕೆ ಗಿಡಮೂಲಿಕೆ ಪೂರಕಗಳನ್ನು ಶಿಫಾರಸು ಮಾಡಲಿಲ್ಲ. ಹೆಚ್ಚಿನ ತೂಕ ಇಳಿಸುವುದು ನೆರವಾಗುತ್ತದೆ ಎಂದಿತು.

‘ಬ್ಲ್ಯಾಕ್ ಕೊಹೊಶ್’ ಎಂಬ ಮೂಲಿಕೆಯ ಮಾತ್ರೆ ತಿಂದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದ ವರದಿಗಳಿವೆ. ಸ್ತನ ಕ್ಯಾನ್ಸರ್ ಆಗಿದ್ದವರು ಶತಾವರಿ, ಸೋಯಾ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಮುಟ್ಟಬಾರದು. ಕಲೌಂಜಿಯ ಹಿರಿಮೆ ಹದೀಸ್‌ನಲ್ಲಿದೆ, ಅಡುಗೆಯಲ್ಲಿ ಬಳಸಿ. ಆದರೆ ಅದನ್ನು ನೆಚ್ಚಿ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಬೇಡಿ. ಮಹಾಲಿಂಗಪುರದ ಬೆಲ್ಲಕ್ಕೆ ದೊಡ್ಡ ಹೆಸರಿದೆ. ಆದರೂ ರಕ್ತದ ಸಕ್ಕರೆ ಏರಿಸುವುದರಲ್ಲಿ ಬೆಲ್ಲಕ್ಕೂ ಸಕ್ಕರೆಗೂ ಹೆಚ್ಚಿನ ವ್ಯತ್ಯಾಸವಿಲ್ಲ.

ಕ್ಯಾಲ್ಸಿಯಂ ಮಾತ್ರೆ ಬೇಕೆಂದು ವೈದ್ಯರು ಹೇಳಿದರೆ ಒಂದು ಹೊತ್ತಿಗೆ 500 ಮಿಲಿಗ್ರಾಂ ಮೀರದಂತೆ ತೆಗೆದುಕೊಳ್ಳಿ. ಕಬ್ಬಿಣದ ಮಾತ್ರೆಯ ಜೊತೆ ಬೇಡ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ. ಮೂತ್ರದಲ್ಲಿ ಕಲ್ಲು ಆಗಿದ್ದವರು ಅದನ್ನು ಮೊದಲೇ ತಿಳಿಸಿ. ರಮಝಾನಿನಲ್ಲಿ ಈ ಮಾತ್ರೆಯನ್ನು ಇಫ್ತಾರ್ ಊಟದ ಜೊತೆ ಅಥವಾ ಸಹರಿಯ ಜೊತೆ ತೆಗೆದುಕೊಳ್ಳಬಹುದು.

ಇದಕ್ಕೆ ವೈದ್ಯರೇ ಬೇಕು

ಒಂದು ವರ್ಷ ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ಪರೀಕ್ಷೆ ಮಾಡಿಸಿ. ಹೆಚ್ಚಿನವರಲ್ಲಿ ಕಾರಣ ಸಣ್ಣದಿರುತ್ತದೆ, ಆದರೆ ಗರ್ಭಕೋಶದ ಕ್ಯಾನ್ಸರಿನ ಮೊದಲ ಸೂಚನೆಯೂ ಹೀಗೇ ಬರುತ್ತದೆ. ‘ಮತ್ತೆ ಮುಟ್ಟು ಬಂತು’ ಎಂದು ಸುಮ್ಮನಾಗಬೇಡಿ. ಮುಟ್ಟು ನಿಲ್ಲುವ ಮೊದಲು ವಿಪರೀತ ರಕ್ತಸ್ರಾವವಾದರೂ, 40ಕ್ಕಿಂತ ಮೊದಲೇ ಮುಟ್ಟು ನಿಂತರೂ ತೋರಿಸಿ. ಗರ್ಭಕೋಶ ತೆಗೆಯಬೇಕೆಂದು ಯಾರಾದರೂ ಹೇಳಿದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಿ. ಇಂಥ ದಿನಗಳಲ್ಲಿ ನಮಾಝ್, ಉಪವಾಸದ ಬಗ್ಗೆ ಗೊಂದಲವಿದ್ದರೆ ಬಲ್ಲ ಆಲಿಮರನ್ನು ವಿಚಾರಿಸಿ.

ಝಳದಿಂದ ನಿದ್ದೆಯೇ ಇಲ್ಲವಾದರೆ, ಯೋನಿಯ ಒಣಗುವಿಕೆಯಿಂದ ದಾಂಪತ್ಯದಲ್ಲಿ ನೋವಾಗುತ್ತಿದ್ದರೆ, ಮೂತ್ರದ ಸೋಂಕು ಮರುಕಳಿಸುತ್ತಿದ್ದರೆ, ಮನಸ್ಸು ಕುಗ್ಗಿದ್ದರೆ ಅದಕ್ಕೂ ಚಿಕಿತ್ಸೆಯಿದೆ. ಹಾರ್ಮೋನ್ ಚಿಕಿತ್ಸೆ ಕೆಲವರಿಗೆ ಸರಿಹೊಂದುತ್ತದೆ, ಕೆಲವರಿಗೆ ಕೂಡದು. ಅದನ್ನು ಸ್ತ್ರೀರೋಗ ತಜ್ಞರು ನೋಡಿ ಹೇಳಬೇಕು. 30 ದಾಟಿದವರಿಗೆ ಬಿಪಿ, ಸಕ್ಕರೆ ಪರೀಕ್ಷೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಋತುಬಂಧದ ನಂತರ ಹೃದಯದ ಕಾಯಿಲೆಯ ಅಪಾಯ ಹೆಚ್ಚುವುದರಿಂದ ವರ್ಷಕ್ಕೊಮ್ಮೆ ಮಾಡಿಸಿಕೊಳ್ಳಿ.

ಸಹೋದರರೇ, ನೀವೂ ಇದನ್ನು ಓದಿರಿ. ಅಮ್ಮಿ ಅಥವಾ ಪತ್ನಿ ರಾತ್ರಿ ಎದ್ದು ಕೂರುತ್ತಿದ್ದರೆ ಏನಾಯಿತೆಂದು ಕೇಳಿ. ನಾಚಿಕೆಯಿಂದ ಹೇಳದಿದ್ದರೆ ಮಹಿಳಾ ವೈದ್ಯರ ಬಳಿ ಕರೆದುಕೊಂಡು ಹೋಗುವ ಏರ್ಪಾಡನ್ನು ನೀವೇ ಮಾಡಿ.