ಬೆಟ್ಟದ ಎತ್ತರ

ಚೌಳಹಿರಿಯೂರು ಕಡೂರು ತಾಲ್ಲೂಕಿನ ಬಯಲುಸೀಮೆಯ ಊರು. ಮಳೆ ತೊಳೆದ ಮುಂಜಾನೆ ಊರ ಹೊರಗಿನ ಹೊಲದ ಬದುವಿನ ಮೇಲೆ ನಿಂತು ನೈಋತ್ಯದ ಕಡೆಗೆ ದೃಷ್ಟಿ ಹರಿಸಿದರೆ, ದೂರದ ಅಂಚಿನಲ್ಲಿ ಬಾಬಾಬುಡನ್ ಗಿರಿಶ್ರೇಣಿ ನೀಲಿಯ ಗೋಡೆಯಂತೆ ತೋರುತ್ತದೆ. ಇತ್ತ ಈ ಸೀಮೆಯ ಬಯಲಿನಲ್ಲಿ ಅಲ್ಲಲ್ಲಿ ಕಲ್ಲುಗುಡ್ಡಗಳು ತಲೆಯೆತ್ತಿವೆ. ನಮ್ಮ ಹಿರಿಯರು ಇವುಗಳನ್ನು ಕಣ್ಣಳತೆಯಿಂದಲೇ ವಿಂಗಡಿಸಿ ತಿಟ್ಟು, ದಿಣ್ಣೆ, ಗುಡ್ಡ, ಬೆಟ್ಟ, ಗಿರಿ ಎಂದು ಹೆಸರಿಟ್ಟರು. ಊರಿನ ವ್ಯವಹಾರಕ್ಕೆ ಅಷ್ಟು ಸಾಕಾಗಿತ್ತು. ಆದರೆ ಭೂಪಟಕ್ಕೂ ಕಾನೂನಿಗೂ ಕಣ್ಣಳತೆ ಸಾಲದು. ಅವು ಅಂಕಿಯನ್ನು ಕೇಳುತ್ತವೆ.

ಎತ್ತರವನ್ನು ಎಲ್ಲಿಂದ ಎಣಿಸಬೇಕು? ಇದೇ ಮೊದಲ ಪ್ರಶ್ನೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿ ಸಮುದ್ರಮಟ್ಟದಿಂದ ಸುಮಾರು 1,930 ಮೀಟರ್ ಎತ್ತರದಲ್ಲಿದೆ. ಕಡೂರಿನ ಬಯಲೂ ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಮೇಲಿದೆ. ಆದುದರಿಂದ ಕಡೂರಿನಲ್ಲಿ ನಿಂತು ನೋಡುವವನ ಪಾಲಿಗೆ ಆ ಶಿಖರದ ಎತ್ತರ ಸುಮಾರು 1,170 ಮೀಟರ್ ಮಾತ್ರ. ಎರಡು ಲೆಕ್ಕವೂ ಸರಿಯೇ. ಮೊದಲನೆಯದು ಸಮುದ್ರಮಟ್ಟದಿಂದ ಎಣಿಸಿದ ಎತ್ತರ. ಎರಡನೆಯದು ಸುತ್ತಣ ನೆಲದಿಂದ ಎಣಿಸಿದ ಸಾಪೇಕ್ಷ ಎತ್ತರ. ಸಮುದ್ರಮಟ್ಟದಿಂದ 600 ಮೀಟರ್ ಮೀರಿದುದೆಲ್ಲವೂ ಬೆಟ್ಟವೆಂದು ನಿಯಮ ಮಾಡಿದರೆ ಕಡೂರಿನ ರಾಗಿಯ ಹೊಲವೂ ಬೆಟ್ಟವೆನಿಸಿಕೊಂಡೀತು!

ಹಿಂದೆ ಈ ಅಳತೆ ಬಹು ಶ್ರಮದ ಕೆಲಸವಾಗಿತ್ತು. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದರಾಸಿನ ಬಳಿ ಒಂದು ಆಧಾರರೇಖೆಯನ್ನು ಸರಪಳಿಯಿಂದ ಅಳೆದು, ಮಹಾ ತ್ರಿಕೋನಮಿತೀಯ ಭೂಮಾಪನವನ್ನು ಆರಂಭಿಸಿದನು. ತ್ರಿಕೋನದ ಒಂದು ಭುಜವೂ ಅದರ ಎರಡು ತುದಿಗಳ ಕೋನಗಳೂ ತಿಳಿದರೆ ಉಳಿದ ಭುಜಗಳನ್ನು ಲೆಕ್ಕದಿಂದಲೇ ಪಡೆಯಬಹುದು. ಥಿಯೊಡೊಲೈಟ್ ಎಂಬ ಭಾರವಾದ ಕೋನಮಾಪಕವನ್ನು ಆಳುಗಳು ಹೊತ್ತು ಬೆಟ್ಟದಿಂದ ಬೆಟ್ಟಕ್ಕೆ ಏರಿಸಬೇಕಾಗಿತ್ತು. ಹಾಗೆ ತ್ರಿಕೋನಕ್ಕೆ ತ್ರಿಕೋನವನ್ನು ಹೆಣೆಯುತ್ತ ಈ ಅಳತೆ ಮೈಸೂರು ಸೀಮೆಯನ್ನೂ ದಾಟಿ ಮುಂದುವರಿಯಿತು.

ಇಂದು ಅದೇ ಕೆಲಸವನ್ನು ಆಕಾಶದಿಂದ ಮಾಡುತ್ತಾರೆ. ವಸ್ತುವನ್ನು ಮುಟ್ಟದೆ, ಅದರಿಂದ ಬರುವ ಬೆಳಕು ಅಥವಾ ಅಲೆಗಳ ಮೂಲಕ ಅದನ್ನು ಅರಿಯುವ ವಿಧಾನವೇ ದೂರಸಂವೇದಿ. 2005ರ ಮೇ 5ರಂದು ಶ್ರೀಹರಿಕೋಟೆಯಿಂದ ಹಾರಿದ ಕಾರ್ಟೊಸ್ಯಾಟ್-1 ಉಪಗ್ರಹದಲ್ಲಿ ಎರಡು ಕ್ಯಾಮರಾಗಳಿದ್ದವು. ಒಂದು ಮುಂದಕ್ಕೆ ಬಾಗಿ, ಇನ್ನೊಂದು ತುಸು ಹಿಂದಕ್ಕೆ ಬಾಗಿ ಒಂದೇ ನೆಲದ ಚಿತ್ರವನ್ನು ತೆಗೆಯುತ್ತಿದ್ದವು. ನಮ್ಮ ಎರಡು ಕಣ್ಣುಗಳು ಸ್ವಲ್ಪ ಬೇರೆಬೇರೆಯಾಗಿ ಕಂಡುದರಿಂದಲೇ ದೂರದ ಅರಿವು ಮೂಡುವಂತೆ, ಆ ಎರಡು ಚಿತ್ರಗಳ ವ್ಯತ್ಯಾಸದಿಂದ ನೆಲದ ಎತ್ತರವನ್ನು ಲೆಕ್ಕ ಹಾಕುತ್ತಾರೆ. ಅದಕ್ಕೂ ಮುನ್ನ, 2000ದ ಫೆಬ್ರವರಿಯಲ್ಲಿ, ಅಮೆರಿಕದ ಎಂಡೆವರ್ ನೌಕೆ ರೇಡಾರ್ ಅಲೆಗಳನ್ನು ಕಳುಹಿಸಿ ಭೂಭಾಗದ ಬಹುಪಾಲನ್ನು 11 ದಿನಗಳ ಯಾನದಲ್ಲಿ ಅಳೆದಿತ್ತು. ರೇಡಾರಿಗೆ ಮೋಡವೂ ಇರುಳೂ ಅಡ್ಡಿಯಲ್ಲ.

ಇಂತಹ ಮಾಹಿತಿಯಲ್ಲಿ ನೆಲವನ್ನು ಚಿಕ್ಕ ಚಿಕ್ಕ ಚೌಕಗಳನ್ನಾಗಿ ವಿಭಾಗಿಸಿ, ಪ್ರತಿಯೊಂದಕ್ಕೂ ಒಂದು ಎತ್ತರವನ್ನು ಕೊಡುತ್ತಾರೆ. ಬಳಿಕ ಗಣಕಯಂತ್ರವು ಇಂತಿಷ್ಟು ಎತ್ತರದವುಗಳನ್ನು ಕ್ಷಣಮಾತ್ರದಲ್ಲಿ ಬೇರ್ಪಡಿಸುತ್ತದೆ. ಆದರೂ ಇದಕ್ಕೆ ಮಿತಿಗಳಿವೆ. ಚೌಕದ ಬದಿ 30 ಮೀಟರ್ ಇದ್ದರೆ, ಅದರೊಳಗಿನ ಚೂಪಾದ ಬಂಡೆಯ ತುದಿ ಸುತ್ತಲಿನ ನೆಲದ ಸರಾಸರಿಯಲ್ಲಿ ಕರಗಿಹೋಗುತ್ತದೆ. ದಟ್ಟವಾದ ಕಾಡಿನಲ್ಲಿ ಮರಗಳ ಎತ್ತರವೂ ನೆಲದ ಎತ್ತರದೊಡನೆ ಬೆರೆಯಬಹುದು.

ಇದಕ್ಕಿಂತ ದೊಡ್ಡ ತೊಡಕು ಬೇರೊಂದಿದೆ. ಯಂತ್ರ ಅಳೆಯುತ್ತದೆ, ಆದರೆ ಎಷ್ಟು ಎತ್ತರವಾದರೆ ಬೆಟ್ಟ ಎಂಬ ಗೆರೆಯನ್ನು ಎಳೆಯುವವನು ಮನುಷ್ಯ. ಪಶ್ಚಿಮಘಟ್ಟಗಳನ್ನು ಕುರಿತು 2011ರಲ್ಲಿ ವರದಿ ನೀಡಿದ ಮಾಧವ ಗಾಡ್ಗೀಳರ ಸಮಿತಿಯು, ಘಟ್ಟಗಳ ಪೂರ್ವದ ಎಲ್ಲೆಯನ್ನು ಗುರುತಿಸಲು 500 ಮೀಟರಿಗಿಂತ ಎತ್ತರದ ಅರಣ್ಯಪ್ರದೇಶವನ್ನು ಆಧಾರವಾಗಿ ಹಿಡಿಯಿತು. ಎತ್ತರವೊಂದನ್ನೇ ನೋಡಿದ್ದರೆ ಕಡೂರಿನ ಬಯಲೂ ಘಟ್ಟದೊಳಗೆ ಸೇರುತ್ತಿತ್ತು. ಉತ್ತರದ ಅರಾವಳಿಯ ವಿಷಯ ಇನ್ನೂ ಗಹನವಾದುದು. ಸುತ್ತಣ ನೆಲದಿಂದ 100 ಮೀಟರ್ ಅಥವಾ ಅದಕ್ಕೂ ಹೆಚ್ಚು ಎತ್ತರವಿರುವುದೇ ಅರಾವಳಿ ಬೆಟ್ಟವೆಂಬ ವ್ಯಾಖ್ಯೆಯನ್ನು ಸರ್ವೋಚ್ಚ ನ್ಯಾಯಾಲಯವು 2025ರ ನವೆಂಬರ್ 20ರಂದು ಒಪ್ಪಿತು. ಅಳತೆಗೆ ನಿಲುಕದ ಕಿರುಗುಡ್ಡಗಳು ಗಣಿಗಾರಿಕೆಗೆ ತುತ್ತಾಗಬಹುದೆಂಬ ಆತಂಕ ಎಲ್ಲೆಡೆ ಹಬ್ಬಿತು. ಅದೇ ಡಿಸೆಂಬರ್ 29ರಂದು ನ್ಯಾಯಾಲಯವೇ ತನ್ನ ಆದೇಶವನ್ನು ತಡೆಹಿಡಿಯಿತು.

ಗುಡ್ಡದ ಬೆಲೆ ಅದರ ಎತ್ತರದಲ್ಲಿ ಮಾತ್ರ ಇರುವುದಿಲ್ಲ. ಬಾಬಾಬುಡನ್ ಗಿರಿಗಳ ಪೂರ್ವದ ಇಳಿಜಾರಿನಲ್ಲಿ ಹುಟ್ಟುವ ವೇದಾ ಹೊಳೆ ಅಯ್ಯನಕೆರೆಯನ್ನೂ, ಅವತಿ ಹೊಳೆ ಮದಗದ ಕೆರೆಯನ್ನೂ ತುಂಬಿ, ಮುಂದೆ ಒಂದಾಗಿ ವೇದಾವತಿಯಾಗಿ ಹರಿಯುತ್ತವೆ. ಗಿರಿಯು ಹೊಳೆಗೆ ಮಾಡುವ ಉಪಕಾರವನ್ನು ಗುಡ್ಡವು ಹಳ್ಳಕ್ಕೆ ಮಾಡುತ್ತದೆ. 99 ಮೀಟರಿನ ಗುಡ್ಡದ ಮೇಲೆ ಬಿದ್ದ ಮಳೆ, ಒಂದು ಮೀಟರ್ ಕಡಿಮೆಯಾಯಿತೆಂದು ಇಳಿದುಬರದೆ ನಿಲ್ಲುವುದೇ? ಬಯಲುಸೀಮೆಯ ಎಷ್ಟೋ ಕೆರೆಗಳಿಗೆ ಇಂತಹ ಕಿರುಗುಡ್ಡಗಳ ಇಳಿಜಾರೇ ನೀರಿನ ದಾರಿ. ದನಕರುಗಳಿಗೆ ಅದರ ಹುಲ್ಲೇ ಮೇವು.

ಆದುದರಿಂದ ಅಳತೆ ಬೇಕು, ನಿಖರವಾದ ಅಳತೆಯೇ ಬೇಕು. ಆದರೆ ಅಳೆದು ಪಡೆದ ಅಂಕಿಯನ್ನು ಕೈಯಲ್ಲಿ ಹಿಡಿದು ಒಮ್ಮೆ ಗುಡ್ಡದ ಬುಡಕ್ಕೂ ಹೋಗಿ, ಅದರ ನೀರು ಯಾವ ಕೆರೆಗೆ ಇಳಿಯುತ್ತದೆಂದು ನೋಡಬೇಕು. ಆಗಲೇ ಆ ಗುಡ್ಡದ ಪರಿಚಯ ಪೂರ್ಣವಾಗುತ್ತದೆ.