ಹಳೆಯ ವಾಡೆಗೆ ಹೊಸ ಜಮಾ-ಖರ್ಚು: ಆನೆಗುಂದಿಯ ಅತಿಥಿಗೃಹಗಳಿಂದ ನಾವು ಕಲಿಯಬೇಕಾದದ್ದು

ವ್ಯಾಪಾರ ಮತ್ತು ಪ್ರಯಾಣಿಕರ ವಸತಿ ಒಂದೇ ದಾರಿಯಲ್ಲಿ ಬೆಳೆದವುಗಳು. ಸರಕು ಸಾಗಿದ ದಾರಿಯಲ್ಲೆಲ್ಲ ಛತ್ರ, ಧರ್ಮಶಾಲೆ, ಸರಾಯಿ, ಮುಸಾಫಿರಖಾನೆಗಳು ತಲೆಯೆತ್ತಿದವು. ಇವುಗಳಲ್ಲಿ ಹಲವನ್ನು ಕಟ್ಟಿಸಿದವರು ವರ್ತಕರೇ. ಬೆಂಗಳೂರಿನ ಮಾಮೂಲುಪೇಟೆಯ ವರ್ತಕ ಗುಬ್ಬಿ ತೋಟದಪ್ಪನವರು ರೈಲು ನಿಲ್ದಾಣದ ಬಳಿ ಕಟ್ಟಿಸಿ 1903ರಲ್ಲಿ ಆರಂಭಿಸಿದ ಧರ್ಮಛತ್ರವು ಇದಕ್ಕೆ ಉತ್ತಮ ನಿದರ್ಶನ. ನಮ್ಮ ಸ್ಟೇಶನ್ ಬಜಾರವೂ ರೈಲು ತಂದ ಪೇಟೆಯೇ. ಇಂದಿಗೂ ಬೇಳೆ ಖರೀದಿಗೆ ಬಂದವರು, ಯಂತ್ರೋಪಕರಣ ಮಾರುವವರು ಇಲ್ಲಿನ ಲಾಡ್ಜುಗಳಲ್ಲಿ ರಾತ್ರಿ ಕಳೆದು ಮುಂಜಾನೆಯ ಗಾಡಿ ಹಿಡಿಯುತ್ತಾರೆ. ಅವರಿಗೆ ಕಲಬುರಗಿ ಎಂದರೆ ನಿಲ್ದಾಣದಿಂದ ಗಂಜಿನವರೆಗಿನ ರಸ್ತೆ ಮಾತ್ರ.

ಇತ್ತ ನಮ್ಮ ಹಳ್ಳಿಗಳಲ್ಲಿ ವಾಡೆಗಳು ಒಂದೊಂದಾಗಿ ಉರುಳುತ್ತಿವೆ. ವಿಭಾಗಪತ್ರ ಸಿದ್ಧಪಡಿಸುವಾಗ ನಮ್ಮ ವೃತ್ತಿಯವರ ಕಣ್ಣಿಗೆ ಬೀಳುವ ಸಂಗತಿಯೊಂದಿದೆ: ನಿವೇಶನಕ್ಕೆ ಬೆಲೆ ಕಟ್ಟಲಾಗುತ್ತದೆ, ಅದರ ಮೇಲಿರುವ ನೂರು ವರ್ಷದ ಮನೆಗೆ ಕಟ್ಟುವ ಬೆಲೆ ಶೂನ್ಯ. ಬಾಗಿಲು ಚೌಕಟ್ಟು, ಕೆತ್ತನೆಯ ಕಂಬಗಳು ಹಳೆಯ ಮರದ ಲೆಕ್ಕದಲ್ಲಿ ಮಾರಾಟವಾಗುತ್ತವೆ. ಈ ಶೂನ್ಯವು ಸರಿಯಾದ ಮೌಲ್ಯಮಾಪನವೇ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಆನೆಗುಂದಿಯ ಪ್ರಯೋಗ

ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ನಮ್ಮ ಕಲ್ಯಾಣ ಕರ್ನಾಟಕದಲ್ಲಿಯೇ, ಅಕ್ಕಿ ಗಿರಣಿಗಳಿಗೆ ಹೆಸರಾದ ಗಂಗಾವತಿ ತಾಲ್ಲೂಕಿನಲ್ಲಿ, ಆನೆಗುಂದಿ ಇದೆ. ತುಂಗಭದ್ರೆಯ ಉತ್ತರ ದಡದ ಈ ಗ್ರಾಮವು ವಿಜಯನಗರಕ್ಕಿಂತಲೂ ಹಳೆಯದು. ಗಗನಮಹಲು, ರಂಗನಾಥ ದೇವಾಲಯ, ಹುಚ್ಚಪ್ಪಯ್ಯನ ಮಠ ಊರಿನಲ್ಲಿವೆ. ನದಿಯ ನಡುಗಡ್ಡೆಯಲ್ಲಿ ನವಬೃಂದಾವನ, ಸಮೀಪದಲ್ಲಿ ಅಂಜನಾದ್ರಿ, ಪಂಪಾ ಸರೋವರಗಳಿವೆ.

ಇಲ್ಲಿ 1997ರಲ್ಲಿ ಶಮಾ ಪವಾರ್ ಅವರ ಮುಂದಾಳತ್ವದಲ್ಲಿ ಕಿಷ್ಕಿಂಧಾ ಟ್ರಸ್ಟ್ ಸ್ಥಾಪನೆಯಾಯಿತು. ಊರಿನ ಹಳೆಯ ಮನೆಗಳನ್ನು ಕೆಡವದೆ ದುರಸ್ತಿಗೊಳಿಸಿ ಅತಿಥಿಗಳ ತಂಗುದಾಣವಾಗಿಸುವ ಕಾರ್ಯವನ್ನು ಅದು ಕೈಗೊಂಡಿತು. ‘ಊರಮ್ಮ’ ಎಂಬ ಗ್ರಾಮದೇವತೆಯ ಹೆಸರಿನ ವಸತಿಗೃಹಗಳು ಹೀಗೆ ರೂಪುಗೊಂಡವು. ಅತಿಥಿಯು ಊರಿನೊಳಗೆಯೇ ಉಳಿಯುತ್ತಾನೆ. ದಪ್ಪ ಗೋಡೆಯ ತಂಪು, ಕಟ್ಟೆ, ಪಡಸಾಲೆ, ಅಂಗಳದ ರಂಗೋಲಿ, ಸ್ಥಳೀಯ ಅಡುಗೆ, ಇವೇ ಅವನು ಹಣ ತೆತ್ತು ಕೊಳ್ಳುವ ಸರಕು. ಇದರೊಂದಿಗೆ ಬಾಳೆದಿಂಡಿನ ನಾರಿನಿಂದ ಚೀಲ, ಬುಟ್ಟಿ ಹೆಣೆಯುವ ಕಸುಬನ್ನು ಊರಿನ ಮಹಿಳೆಯರಿಗೆ ಕಲಿಸಲಾಯಿತು. ತಿಪ್ಪೆಗೆ ಹೋಗುತ್ತಿದ್ದ ದಿಂಡು ಮಾರಾಟದ ವಸ್ತುವಾಯಿತು. ಕೆಂಪು ಬಾಳೆಗೆ ಭೌಗೋಳಿಕ ಗುರುತು ಪಡೆದಿರುವ ಕಮಲಾಪುರದವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಇದೇ ಪರಿಸರದಲ್ಲಿ ಇನ್ನೊಂದು ಬಗೆಯ ಹೂಡಿಕೆಯೂ ನಡೆಯಿತು. ಸಮೀಪದ ವಿರೂಪಾಪುರಗಡ್ಡೆಯಲ್ಲಿ ರೆಸಾರ್ಟುಗಳು ಸಾಲಾಗಿ ಎದ್ದವು. ಅವು ಅನಧಿಕೃತವೆಂಬ ಹೈಕೋರ್ಟ್ ತೀರ್ಪನ್ನು ಸುಪ್ರೀಂ ಕೋರ್ಟ್ 2020ರ ಫೆಬ್ರವರಿಯಲ್ಲಿ ಎತ್ತಿಹಿಡಿಯಿತು. ಮರು ತಿಂಗಳೇ ತೆರವು ಕಾರ್ಯಾಚರಣೆ ನಡೆದು ಬಂಡವಾಳವೆಲ್ಲ ಮಣ್ಣುಪಾಲಾಯಿತು. ಮತ್ತೊಂದು ಎಚ್ಚರಿಕೆ 2025ರ ಮಾರ್ಚ್‌ನಲ್ಲಿ ಸಣಾಪುರದ ಬಳಿ ಪ್ರವಾಸಿಗರ ಮೇಲೆ ನಡೆದ ಅಮಾನುಷ ದಾಳಿಯಿಂದ ದೊರೆಯಿತು. ಪರವಾನಗಿ ಮತ್ತು ಅತಿಥಿಯ ಸುರಕ್ಷತೆ ಇವೆರಡೂ ಖರ್ಚಿನ ಬಾಬುಗಳಲ್ಲ, ಬಂಡವಾಳವೇ ಎಂದು ತಿಳಿಯತಕ್ಕದ್ದು.

ಹೊರದೇಶದ ನಿದರ್ಶನ

ಬಲ್ಗೇರಿಯಾ ದೇಶದ ಗಾಬ್ರೊವೊ ನಗರದ ಬಳಿ ಬೊಝೆಂತ್ಸಿ ಎಂಬ ಬೆಟ್ಟದ ಹಳ್ಳಿಯಿದೆ. ಉಣ್ಣೆ, ಜೇನು, ಮೇಣಗಳ ವ್ಯಾಪಾರದಿಂದ ಏಳಿಗೆ ಹೊಂದಿದ ವರ್ತಕರು ಅಲ್ಲಿ ಮನೆಗಳನ್ನು ಕಟ್ಟಿದರು. ವ್ಯಾಪಾರ ಬೇರೆಡೆಗೆ ಸರಿದಾಗ ಊರು ಬರಿದಾಯಿತು. 1964ರಲ್ಲಿ ಸರ್ಕಾರವು ಇಡೀ ಹಳ್ಳಿಯನ್ನು ಸಂರಕ್ಷಿತವೆಂದು ಘೋಷಿಸಿತು. ಇಂದು ಆ ಹಳೆಯ ಮನೆಗಳಲ್ಲಿ ಪ್ರವಾಸಿಗರು ತಂಗುತ್ತಾರೆ. ಆ ದೇಶದಲ್ಲಿ ಹಳೆಯ ಛತ್ರಕ್ಕೆ ‘ಹಾನ್’ ಎನ್ನುತ್ತಾರೆ. ನಮ್ಮ ಮುಸಾಫಿರಖಾನೆಯ ‘ಖಾನೆ’ಗೂ ಅದಕ್ಕೂ ಪಾರಸಿಯ ಮೂಲವೊಂದೇ. ಅಲ್ಲಿನ ಮನೆಗಳ ಮಾಡಿಗೆ ಚಪ್ಪಡಿ ಕಲ್ಲುಗಳನ್ನೇ ಹೊದಿಸಿದ್ದಾರೆ. ಶಹಾಬಾದ್ ಕಲ್ಲಿನ ಚಪ್ಪಡಿಯಿಂದ ನೆಲ, ಗೋಡೆ, ಮಾಡು ಎಲ್ಲವನ್ನೂ ಕಟ್ಟಿಕೊಂಡ ನಮ್ಮವರಿಗೆ ಇದು ಅಪರಿಚಿತವಲ್ಲ. ಅವರು ಕಲ್ಲಿನ ಮನೆಯನ್ನು ಆಸ್ತಿಯೆಂದು ಎಣಿಸಿದರು, ನಾವು ಇನ್ನೂ ಎಣಿಸಿಲ್ಲ.

ಲೆಕ್ಕ ಏನು ಹೇಳುತ್ತದೆ?

ಭಾವನೆಯಿಂದ ವ್ಯವಹಾರ ನಡೆಯದು. ಆದುದರಿಂದ ಒಂದು ಕಾಲ್ಪನಿಕ ಅಂದಾಜನ್ನು ಕೊಡುತ್ತೇನೆ. ಇದು ಯಾವುದೇ ಸಂಸ್ಥೆಯ ಲೆಕ್ಕವಲ್ಲ. ನಾಲ್ಕು ಕೋಣೆಗಳ ವಾಡೆ, ದುರಸ್ತಿಗೆ 16 ಲಕ್ಷ ರೂ., ಕೋಣೆಯ ಬಾಡಿಗೆ ದಿನಕ್ಕೆ 1,500 ರೂ. ಎಂದಿಟ್ಟುಕೊಳ್ಳೋಣ.

ಪ್ರತಿ ಕೋಣೆ ವರ್ಷಕ್ಕೆ 100 ರಾತ್ರಿ ತುಂಬಿದರೆ ಆದಾಯ 6 ಲಕ್ಷ ರೂ. ಇಬ್ಬರು ಕೆಲಸಗಾರರ ವೇತನ 2,40,000, ವಿದ್ಯುತ್ತು ಹಾಗೂ ಬಟ್ಟೆ ಒಗೆತಕ್ಕೆ 90,000, ವಾರ್ಷಿಕ ದುರಸ್ತಿಗೆ 60,000, ಬುಕಿಂಗ್ ದಲಾಲಿ 45,000. ಒಟ್ಟು ಖರ್ಚು 4,35,000 ರೂ. ಉಳಿಕೆ 1,65,000. ಪೂರ್ಣ ಮೊತ್ತವನ್ನು ಶೇ. 10ರ ಸಾಲವಾಗಿ ತಂದರೆ ಬಡ್ಡಿಯೇ 1,60,000. ಅಸಲು ತೀರಿಸಲು ಏನೂ ಉಳಿಯದು.

ಅದೇ ಕೋಣೆಗಳು 150 ರಾತ್ರಿ ತುಂಬಿದರೆ ಆದಾಯ 9 ಲಕ್ಷ. ವೇತನ, ದುರಸ್ತಿಗಳು ಹೆಚ್ಚುವುದಿಲ್ಲ. ಉಳಿದ ಖರ್ಚು ಅದೇ ಪ್ರಮಾಣದಲ್ಲಿ ಏರಿ ಒಟ್ಟು 5,02,500 ಆಗುತ್ತದೆ. ಉಳಿಕೆ 3,97,500 ರೂ. ಲಾಭ-ನಷ್ಟಗಳ ನಡುವೆ ನಿಂತಿರುವುದು ಈ 50 ರಾತ್ರಿಗಳು. ಆದ್ದರಿಂದ ಮೊದಲು ಎರಡು ಕೋಣೆಗಳನ್ನು ಸ್ವಂತ ಹಣದಿಂದ ಸಿದ್ಧಪಡಿಸಿ, ಬೇಡಿಕೆ ನೋಡಿ ಮುಂದುವರಿಯುವುದು ಜಾಣತನ. 2025-26ರ ಕೇಂದ್ರ ಮುಂಗಡಪತ್ರದಲ್ಲಿ ಹೋಂಸ್ಟೇಗಳಿಗೆ ಮುದ್ರಾ ಸಾಲ ನೀಡುವುದಾಗಿ ಘೋಷಿಸಲಾಗಿದೆಯಾದರೂ, ಸಾಲ ಸಿಗುತ್ತದೆ ಎಂಬುದು ಸಾಲ ಮಾಡಲು ಕಾರಣವಾಗಬಾರದು.

ತೆರಿಗೆಯ ಅಂಶಗಳು

ದಿನಕ್ಕೆ 7,500 ರೂ.ವರೆಗಿನ ಕೋಣೆ ಬಾಡಿಗೆಯ ಮೇಲೆ ಜಿಎಸ್‌ಟಿ ದರವು 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಆದರೆ ಹೂಡುವಳಿ ತೆರಿಗೆಯ ಜಮೆ ದೊರೆಯದು; ದುರಸ್ತಿಗೆ ಕೊಂಡ ಸಾಮಗ್ರಿಯ ಮೇಲಿನ ತೆರಿಗೆ ಪೂರ್ತಿಯಾಗಿ ನಮ್ಮ ಖರ್ಚೇ.

ಸೇವೆಗಳಿಗೆ ನೋಂದಣಿಯ ಮಿತಿ ವಾರ್ಷಿಕ 20 ಲಕ್ಷ ರೂ. ಇಲ್ಲಿ ನಮ್ಮ ಸದಸ್ಯರು ವಿಶೇಷವಾಗಿ ಎಚ್ಚರ ವಹಿಸಬೇಕು. ಈ ಮಿತಿಯನ್ನು ಲೆಕ್ಕ ಹಾಕುವುದು ಪ್ಯಾನ್ ಸಂಖ್ಯೆಯ ಆಧಾರದ ಮೇಲೆ. ದಾಲ್‌ಮಿಲ್ ಅಥವಾ ಅಡತಿ ಅಂಗಡಿಗೆ ಈಗಾಗಲೇ ತಮ್ಮ ಹೆಸರಿನಲ್ಲಿ ನೋಂದಣಿ ಹೊಂದಿರುವವರು ಅದೇ ಹೆಸರಿನಲ್ಲಿ ಅತಿಥಿಗೃಹ ನಡೆಸಿದರೆ, ಮೊದಲ ರೂಪಾಯಿಯಿಂದಲೇ ತೆರಿಗೆ ಸಲ್ಲಿಸಬೇಕಾಗುತ್ತದೆ. ನೋಂದಣಿಯ ಅಗತ್ಯವಿಲ್ಲದವರು ಆನ್‌ಲೈನ್ ತಾಣಗಳ ಮೂಲಕ ಕೋಣೆ ನೀಡಿದಲ್ಲಿ ತೆರಿಗೆ ಕಟ್ಟುವ ಹೊಣೆ ಆ ತಾಣದ್ದು.

ಇವೆಲ್ಲಕ್ಕಿಂತ ಮುಖ್ಯವಾದದ್ದು ಒಡೆತನದ ಪ್ರಶ್ನೆ. ವಾಡೆಗೆ ಸಾಮಾನ್ಯವಾಗಿ ಹತ್ತಾರು ಹಕ್ಕುದಾರರು. ಒಬ್ಬರು ಪುಣೆಯಲ್ಲಿ, ಒಬ್ಬರು ಹೈದರಾಬಾದಿನಲ್ಲಿ. ಒಬ್ಬರು ದುರಸ್ತಿ ಮಾಡಿಸಿದ ಮೇಲೆ ಉಳಿದವರು ಪಾಲು ಕೇಳಿದರೆ ಮನೆಯೂ ಹೋಗುತ್ತದೆ, ಮನಸ್ಸೂ ಕೆಡುತ್ತದೆ. ಮನೆಯನ್ನು ಭಾಗ ಮಾಡದೆ ದೀರ್ಘಾವಧಿಯ ನೋಂದಾಯಿತ ಗುತ್ತಿಗೆ ಮಾಡಿಕೊಂಡು, ಹಕ್ಕಿನ ಪ್ರಮಾಣದಲ್ಲಿ ಬಾಡಿಗೆ ಹಂಚಿಕೊಳ್ಳುವ ಕ್ರಮ ಉತ್ತಮ. ಸುಣ್ಣದ ಗಾರೆಗೆ ಇಟ್ಟಿಗೆ ಹಾಕುವ ಮೊದಲು ಕಾಗದ ಪತ್ರ ಗಟ್ಟಿಯಾಗಿರಲಿ.

ನಮ್ಮ ಮುಂದಿರುವ ದಾರಿ

ಆ 50 ರಾತ್ರಿಗಳು ಎಲ್ಲಿಂದ ಬರಬೇಕು? ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಕಮಲಾಪುರವಿದೆ. 2017ರಲ್ಲಿ ಉದ್ಘಾಟನೆಯಾದ ಬೀದರ ರೈಲು ಮಾರ್ಗವೂ ಅಲ್ಲಿ ಹಾಯುತ್ತದೆ. ಅದೇ ದಾರಿಯಲ್ಲಿ ಹೊಳಕುಂದಾದ ಬಹಮನಿ ಕಾಲದ ಗೋರಿಗಳು, ಮುಂದೆ ಬಸವಕಲ್ಯಾಣ, ಬೀದರಗಳಿವೆ. ಇನ್ನೊಂದು ಕಡೆ ಸನ್ನತಿ, ಮಳಖೇಡ, ದೇವಲ ಗಾಣಗಾಪುರ. ನೋಡತಕ್ಕ ಸ್ಥಳಗಳ ಕೊರತೆ ನಮಗಿಲ್ಲ; ಒಂದು ರಾತ್ರಿ ಉಳಿಯತಕ್ಕ ಹಳ್ಳಿಮನೆಯ ಕೊರತೆಯಿದೆ.

ಮೊದಲ ಅತಿಥಿಗಳು ನಮ್ಮ ಗಿರಾಕಿಗಳೇ ಆಗಬಹುದು. ಮೂರು ದಿನಗಳ ವ್ಯವಹಾರಕ್ಕೆ ಬಂದ ಖರೀದಿದಾರನಿಗೆ ಒಂದು ರಾತ್ರಿ ವಾಡೆಯ ಪಡಸಾಲೆಯಲ್ಲಿ ಜೋಳದ ರೊಟ್ಟಿ, ತೊಗರಿ ಬೇಳೆಯ ಊಟ ಮಾಡಿಸಿದರೆ, ತಾನು ಕೊಳ್ಳುವ ಬೇಳೆಯ ನೆಲ ಯಾವುದೆಂದು ಅವನಿಗೆ ತಿಳಿಯುತ್ತದೆ. ನಮ್ಮ ಸಂಸ್ಥೆಯ ಸದಸ್ಯರು ತಮ್ಮ ತಮ್ಮ ಊರುಗಳಲ್ಲಿ ಇನ್ನೂ ಮಾಡು ಗಟ್ಟಿಯಾಗಿರುವ ವಾಡೆಗಳ ಪಟ್ಟಿಯೊಂದನ್ನು ಮಾಡಲಿ. ಅವುಗಳಲ್ಲಿ ಒಡೆತನದ ತಕರಾರು ಇಲ್ಲದ ಎರಡನ್ನು ಆರಿಸಿ ಪ್ರಾಯೋಗಿಕವಾಗಿ ನಡೆಸಲಿ. ಈ ಪಟ್ಟಿ ಬರುವ ಮಳೆಗಾಲಕ್ಕೆ ಮುನ್ನ ಸಿದ್ಧವಾಗುವುದು ಲೇಸು. ಏಕೆಂದರೆ ಪ್ರತಿ ಮಳೆಗಾಲವೂ ಒಂದೆರಡು ಹೆಸರುಗಳನ್ನು ಅಳಿಸಿಹಾಕುತ್ತದೆ.